ಹುಲ್ಲು ಯಾರದು?

ಜನವಸತಿಗೆ ಬಹುದೂರದ ಬಯಲಿನಲ್ಲಿ ದನದ ಹಿಂಡನ್ನು ಇಳಿಸಿ, ಮಳೆಯನ್ನು ನಂಬಿ ಬಾಳು ಹೂಡಿದವನಿಗೆ ಆ ನೆಲದ ಮೇಲೆ ಎಷ್ಟು ಅಧಿಕಾರವುಂಟು? ಈ ಪ್ರಶ್ನೆಗೆ ಮನುಸ್ಮೃತಿಯಲ್ಲಿಯೇ ಎರಡು ಮುಖಗಳಿರುವವು. ಮರದ ಮೋಟುಗಳನ್ನು ಕಿತ್ತು ಹಸನುಗೊಳಿಸಿದವನಿಗೆ ಹೊಲವು ಸಲ್ಲುವುದೆಂಬ ಮತವನ್ನು ಒಂಬತ್ತನೆಯ ಅಧ್ಯಾಯವು ಉದಾಹರಿಸುತ್ತದೆ. ಎಂಟನೆಯದಾದರೋ, ಗ್ರಾಮದ ಸುತ್ತ ನೂರು ಬಿಲ್ಲಿನಷ್ಟು ನೆಲವನ್ನು ಬಿಡತಕ್ಕದ್ದೆಂದೂ, ಅಲ್ಲಿ ಬೇಲಿಯಿಲ್ಲದ ಪೈರನ್ನು ದನಗಳು ಮೇಯ್ದರೆ ಗೋವಳನನ್ನು ದಂಡಿಸಲಾಗದೆಂದೂ ವಿಧಿಸುತ್ತದೆ. ಪಾಠಶಾಲೆಯಲ್ಲಿ ಎರಡನ್ನೂ ಬಾಯಿಪಾಠ ಮಾಡಿದೆವು; ಎರಡೂ ಒಂದೇ ತುಂಡು ನೆಲದ ಮೇಲೆ ಎದುರಾದರೆ ಗತಿಯೇನೆಂದು ಮಾತ್ರ ಯಾರೂ ಕೇಳಲಿಲ್ಲ.

ನಮ್ಮ ಹಿರೇಬೆಂಡಿಗೇರಿಯ ತಾಲ್ಲೂಕಿನದೇ ಆದ ಬಂಕಾಪುರದಲ್ಲಿ ಖಿಲಾರಿ ದನಗಳ ಸಂವರ್ಧನ ಕ್ಷೇತ್ರವಿರುವುದನ್ನು ವಾಚಕರು ಬಲ್ಲರು. ಇದಕ್ಕಿಂತ ಹಿರಿದಾದ ಏರ್ಪಾಡು ಮೈಸೂರು ಸೀಮೆಯದು. ಚಿಕ್ಕದೇವರಾಜ ಒಡೆಯರ (1673–1704) ಬೆಣ್ಣೆಚಾವಡಿಯೇ ಟೀಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಮಳೆಗಾಲ, ಚಳಿಗಾಲ, ಬೇಸಿಗೆಗಳಿಗೆ ಬೇರೆ ಬೇರೆ ಕಾವಲುಗಳು. ಋತು ತಿರುಗಿದಂತೆ ಹಿಂಡುಗಳೊಡನೆ ತಿರುಗುವ ಗೋಪಾಲಕರು. ದನಗಳೋ ಅಪರಿಚಿತರನ್ನು ಹತ್ತಿರ ಸೇರಗೊಡದ ಅರೆಕಾಡು ಸ್ವಭಾವದವು. ದೊರೆಯ ತೋಪುಗಳನ್ನೆಳೆಯಲು ಹುಟ್ಟಿದ ಆ ಹೋರಿಗಳಾಗಲಿ, ಅವನ್ನು ಸಾಕಿದವರಾಗಲಿ ಹುಲ್ಲಿಗೆ ಒಡೆಯರಾಗಲಿಲ್ಲ. ಕಾವಲೆಂಬ ಶಬ್ದವೇ ವಿಚಾರಣೀಯವಾಗಿದೆ. ಕಾಯುವುದು ಸರಿ, ಯಾರಿಂದ ಕಾಯುವುದು?

ಈ ಪ್ರಶ್ನೆಯ ಘೋರರೂಪವನ್ನು ಆಸ್ಟ್ರೇಲಿಯಾ ಖಂಡದಲ್ಲಿ ಕಾಣಬಹುದು. ಬಿಳಿಯ ಪಶುಪಾಲಕರು ಒಳನಾಡಿನ ಬಯಲುಗಳಿಗೆ ಹಿಂಡುಗಳನ್ನು ಹೊಡೆದುಕೊಂಡು ಹೋಗಿ, ಬರಗಾಲವನ್ನೂ ಏಕಾಂತವನ್ನೂ ಸಹಿಸಿದರು. ಅವರ ಕಷ್ಟವು ಸುಳ್ಳಲ್ಲ. ಅದನ್ನು ಹಗುರವಾಗಿ ನುಡಿಯುವುದು ಮನೆಯೊಳಗೆ ಕುಳಿತವರಿಗೆ ಶೋಭಿಸದು. ಆದರೆ ನೆಲವು ಬರಿದಾಗಿತ್ತೆಂಬ ಮಾತು ಸುಳ್ಳು. ಅಲ್ಲಿಯ ಮೂಲನಿವಾಸಿಗಳು ತಮ್ಮ ನೀರ್ದಾಣಗಳ ಬಳಿಯಲ್ಲಿಯೇ ಪರರ ದನ ಕಾಯುವ ಆಳುಗಳಾದರು. ವೇವ್ ಹಿಲ್ ಎಂಬ ದನದ ಠಾಣೆಯಲ್ಲಿ 1966ರ ಆಗಸ್ಟಿನಲ್ಲಿ ಗುರಿಂಜಿ ಜನರು ವಿನ್ಸೆಂಟ್ ಲಿಂಗಿಯಾರಿಯ ಮುಂದಾಳುತನದಲ್ಲಿ ಕೆಲಸ ಬಿಟ್ಟು ನಡೆದರು. ಕೂಲಿಯ ಮಾತಾಗಿ ಕಂಡದ್ದು ನೆಲದ ಮಾತಾಯಿತು. 1975ರಲ್ಲಿ ಪ್ರಧಾನಿ ವಿಟ್ಲಮ್ ಬಂದು ಆತನ ಅಂಗೈಗೆ ಒಂದು ಹಿಡಿ ಮಣ್ಣು ಸುರಿದನು. ಖಂಡವು ಯಾರದೂ ಅಲ್ಲದ ನೆಲವಾಗಿತ್ತೆಂಬ ವಾದವನ್ನು ಅಲ್ಲಿಯ ಉಚ್ಚ ನ್ಯಾಯಾಲಯವು ತಳ್ಳಿಹಾಕಿದ್ದು 1992ರಲ್ಲಿ.

ಮೋಟು ಕಿತ್ತವನ ಬೆವರು ಹೊಲಕ್ಕೆ ಸಾಕ್ಷಿಯಾಗಬಹುದು. ಹುಲ್ಲನ್ನಾದರೋ ಯಾರೂ ಬಿತ್ತಲಿಲ್ಲ. ಅಲ್ಲಿ ಪಟ್ಟ ಶ್ರಮವು ಮೊದಲಿದ್ದವನ ಹಕ್ಕನ್ನು ಅಳಿಸಲಾರದು. ಉತ್ತು ಬೆಳೆಯದ ಬಯಲನ್ನು ಖರಾಬು ಎಂದು ಬರೆಯುವ ನಮ್ಮ ಲೆಕ್ಕಣಿಕೆಗೂ ಇದು ಸಲ್ಲುತ್ತದೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ಈ ಶತಮಾನದಲ್ಲಿ ದೊಡ್ಡ ಸಂಸ್ಥೆಗಳಿಗೆ ಕೊಡಲಾಯಿತು. ಆ ಸಂಸ್ಥೆಗಳ ಕಾರ್ಯವು ದೇಶಕ್ಕೆ ಬೇಕಾದುದೇ. ಆದರೂ ಅಲ್ಲಿ ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಕಂಬಳಿ ನೇಯುವ ಹಳ್ಳಿಗರು ಗೋಡೆಯ ಹೊರಗೆ ನಿಂತು, ನಿನ್ನೆಯವರೆಗೆ ನಮ್ಮ ಕುರಿ ಮೇಯ್ದದ್ದೆಲ್ಲಿ ಎಂದು ಕೇಳಿದರು.