ಕಲಿಯುವಲ್ಲಿ ಇರಲಿ

ಶಾಲೆಯಲ್ಲಿ ಕಲೆಯನ್ನು ಯಾತಕ್ಕಾಗಿ ಕಲಿಸಬೇಕು? ಈ ಪ್ರಶ್ನೆಗೆ ನಾವು ಭಾಷಣದಲ್ಲಿ ಕೊಡುವ ಉತ್ತರ ಒಂದು. ನಮ್ಮ ನಡತೆಯಿಂದ ಕೊಡುವ ಉತ್ತರ ಇನ್ನೊಂದು. 'ಮಗುವಿನ ಸರ್ವತೋಮುಖ ಬೆಳವಣಿಗೆ' ಎಂಬ ಮಾತನ್ನು ಶಾಲಾ ವಾರ್ಷಿಕೋತ್ಸವಗಳಲ್ಲಿ ನಾನೂ ಎಷ್ಟೋ ಸಲ ಆಡಿದ್ದೇನೆ, ಚಪ್ಪಾಳೆಯನ್ನೂ ಪಡೆದಿದ್ದೇನೆ. ಆದರೆ ಅಧ್ಯಾಪಕನಾಗಿ ನಾನು ಮಾಡಿದ್ದು ಆ ಮಾತಿಗೆ ಸರಿಹೊಂದುತ್ತಿತ್ತೇ ಎಂದು ಈ ನಿವೃತ್ತಿಯ ದಿನಗಳಲ್ಲಿ ಕೇಳಿಕೊಂಡರೆ ಒಬ್ಬ ಹುಡುಗನ ಮುಖ ಕಣ್ಣೆದುರು ಬಂದು ನಿಲ್ಲುತ್ತದೆ. ಅವನ ಹೆಸರು ಇಲ್ಲಿ ಬೇಡ.

ಅದು 1990ರ ದಶಕ. ಕುಂಬಳೆ ಸೀಮೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಕಟ್ಟಿದ ನೆಲ ಇದು. ಇಲ್ಲಿಯ ಮಕ್ಕಳಿಗೆ ಚೆಂಡೆಯ ಸದ್ದು ಹೊಸದಲ್ಲ. ಕೇರಳದ ಶಾಲಾ ಯುವಜನೋತ್ಸವ 1957ರಲ್ಲಿ ಎರ್ನಾಕುಳಂನಲ್ಲಿ ಆರಂಭವಾಗಿ ವರ್ಷ ವರ್ಷ ಬೆಳೆದು, ಈಗ ಕಲೋತ್ಸವವೆಂಬ ಹೆಸರಿನಲ್ಲಿ ದೊಡ್ಡ ಜಾತ್ರೆಯೇ ಆಗಿದೆ. ಅದರಲ್ಲಿ ಯಕ್ಷಗಾನವೂ ಸ್ಪರ್ಧೆಯ ಒಂದು ಐಟಂ. ಶಾಲೆಯಿಂದ ಉಪಜಿಲ್ಲೆಗೆ, ಅಲ್ಲಿಂದ ಜಿಲ್ಲೆಗೆ, ಮತ್ತೆ ರಾಜ್ಯಕ್ಕೆ. ಗೆದ್ದರೆ ಶಾಲೆಗೆ ಕೀರ್ತಿ, ಮಕ್ಕಳಿಗೆ ಗ್ರೇಸ್ ಮಾರ್ಕು. ಮಲಯಾಳದ ನಡುವೆ ನಮ್ಮ ಭಾಷೆಯ ಕಲೆಯೊಂದು ತಲೆಯೆತ್ತಿ ನಿಲ್ಲುವುದನ್ನು ಕಂಡಾಗ ನಮ್ಮಂಥ ಅಲ್ಪಸಂಖ್ಯಾತರಿಗೆ ಆಗುವ ಸಂತೋಷ ಬೇರೆಯೇ.

ಆ ವರ್ಷ ನಮ್ಮ ತಂಡಕ್ಕೆ ಊರಿನ ಭಾಗವತರೊಬ್ಬರು ಹೆಜ್ಜೆ ಕಲಿಸಲು ಬರುತ್ತಿದ್ದರು. ಮೊದಲ ವಾರ ಬಂದವರೆಲ್ಲರೂ ಕಲಿತರು. ಎರಡನೆಯ ವಾರ ಆಯ್ಕೆ. ನಾನು ಹೇಳಿದ ಹುಡುಗನಿಗೆ ತಾಳ ನಿಲ್ಲುತ್ತಿರಲಿಲ್ಲ. ಏಕತಾಳದ ಹೆಜ್ಜೆಯನ್ನೇ ಒಂದು ಸುತ್ತು ಸರಿಯಾಗಿ ಹಾಕಿದರೆ ಮರುಸುತ್ತಿನಲ್ಲಿ ತಪ್ಪುತ್ತಿದ್ದ. ಮಾತಿನಲ್ಲಿಯೂ ತಡವರಿಕೆ. ಉಪಜಿಲ್ಲೆಗೆ ಇನ್ನು ಒಂದೂವರೆ ತಿಂಗಳು. "ನೀನು ಇನ್ನು ಬರುವುದು ಬೇಡ, ಬರುವ ವರ್ಷ ನೋಡುವ" ಎಂದೆ. ಅವನು ತಲೆಯಾಡಿಸಿ ಹೋದ.

ಮರುದಿನ ಅವನ ತಂದೆ ಶಾಲೆಗೆ ಬಂದರು. ಅಡಿಕೆ ಮರ ಹತ್ತಿ ಕೊಯ್ಯುವ ಕೆಲಸದವರು. ಮನೆಮಾತು ತುಳು, ನನ್ನೊಡನೆ ಕನ್ನಡದಲ್ಲೇ ಮಾತಾಡಬೇಕೆಂದು ಪದಗಳನ್ನು ಹುಡುಕಿ ಹುಡುಕಿ ಹೇಳಿದರು: "ಆಟಕ್ಕೆ ಬೇಡ ಮಾಷ್ಟ್ರೇ. ಕಲಿಯುವಲ್ಲಿ ಇರಲಿ, ಆಗದಾ?"

ನಾನು ಸಮಯದ ಅಭಾವವನ್ನು ವಿವರಿಸಿದೆ. ಅವರು ಕೈಮುಗಿದು ಹೋದರು. ಆ ವರ್ಷ ನಮ್ಮ ತಂಡಕ್ಕೆ ಜಿಲ್ಲೆಯಲ್ಲಿ ಬಹುಮಾನ ಬಂತು. ಮುಂದಿನ ವರ್ಷ ಹುಡುಗ ಶಾಲೆಗೇ ಬರಲಿಲ್ಲ. ಹತ್ತನೆಯದರಲ್ಲಿ ಫೇಲಾಗಿ ಮುಂಬಯಿಯ ಹೋಟೆಲಿಗೆ ಹೋದನೆಂದು ಕೇಳಿದೆ. ಹೆಜ್ಜೆ ಕಲಿತಿದ್ದರೆ ಅವನು ಪಾಸಾಗುತ್ತಿದ್ದ ಎಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಅದು ಸುಳ್ಳಾದೀತು. ನನ್ನನ್ನು ಕಾಡುವುದು ಬೇರೆ ಸಂಗತಿ. ಆ ತಂದೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಟವೂ ಕಲಿಕೆಯೂ ಎರಡು ಎಂಬುದು ಅವರಿಗೆ ತಿಳಿದಿತ್ತು, ಅಧ್ಯಾಪಕನಾದ ನನಗೆ ತಿಳಿದಿರಲಿಲ್ಲ.

ಯೋಚಿಸಿ ನೋಡಿ. ಗಣಿತ ಬಾರದ ಹುಡುಗನನ್ನು ನಾವು ಗಣಿತದ ತರಗತಿಯಿಂದ ಹೊರಗೆ ಕಳಿಸುವುದಿಲ್ಲ. ಬಾರದು ಎಂಬುದೇ ಅವನು ಅಲ್ಲಿ ಕುಳಿತಿರಬೇಕಾದ ಕಾರಣ. ಆದರೆ ಹಾಡು ಬಾರದವನನ್ನು ಹಾಡಿನಿಂದ, ಚಿತ್ರ ಬಾರದವನನ್ನು ಚಿತ್ರದಿಂದ, ಹೆಜ್ಜೆ ಬಾರದವನನ್ನು ಕುಣಿತದಿಂದ ಹೊರಗಿಡುವಾಗ ನಮಗೆ ಏನೂ ಅನಿಸುವುದಿಲ್ಲ. ಕಾರಣ, ಕಲೆಯನ್ನು ನಾವು ವಿದ್ಯೆಯೆಂದು ಎಣಿಸಿಲ್ಲ. ಹುಟ್ಟಿನಿಂದ ಬಂದ ಸೊತ್ತು ಎಂದು ತಿಳಿದಿದ್ದೇವೆ. ಇದ್ದವನಿಗೆ ಇನ್ನಷ್ಟು, ಇಲ್ಲದವನಿಗೆ ಏನೂ ಇಲ್ಲ. ಇದು ನ್ಯಾಯವೇ?

ಕಾಗದದ ಮೇಲೆ ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ ಎನ್ನಬಹುದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ರೂಪುಗೊಂಡಾಗ, ಹತ್ತನೆಯ ತರಗತಿಯವರೆಗೆ ಕಲೆ ಎಲ್ಲ ಮಕ್ಕಳಿಗೂ ಕಡ್ಡಾಯ ವಿಷಯವಾಗಬೇಕೆಂಬ ಶಿಫಾರಸು ಬಂತು. 2020ರ ಶಿಕ್ಷಣ ನೀತಿ ಪಾಠ ಬೇರೆ, ಪಾಠೇತರ ಬೇರೆ ಎಂಬ ಗೋಡೆ ಬೇಡವೆಂದಿತು. ಅದಕ್ಕೂ ಬಹಳ ಹಿಂದೆ, 1919ರಲ್ಲಿ, ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ಕಲಾಭವನವನ್ನು ತೆರೆದಿದ್ದರು. ನಮ್ಮ ನೆರೆಯ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಕ್ಕೆ ಇಳಿದಿದ್ದರು. ಹಿರಿಯರು ಹೇಳಿಯಾಗಿದೆ, ಸರಕಾರವೂ ಬರೆದಾಗಿದೆ. ಉಳಿದಿರುವುದು ನಮ್ಮ ಮನಸ್ಸು ಬದಲಾಗುವುದು ಮಾತ್ರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬಾರದವರನ್ನೆಲ್ಲ ಕುಣಿಸಿದರೆ ಕಲೆ ಕೆಡುವುದಿಲ್ಲವೇ? ಈ ಮಾತನ್ನು ಅಲ್ಲಗಳೆಯುವಂತಿಲ್ಲ. ಕಲೆಗೆ ಒಂದು ಮಟ್ಟ ಬೇಕು. ತಾಳ ತಪ್ಪಿದ್ದನ್ನು ಸರಿಯೆಂದು ಹೊಗಳುವುದು ಮಗುವಿಗೂ ಮೋಸ, ಕಲೆಗೂ ಮೋಸ. ಆದರೆ ಈ ತೊಡಕಿಗೆ ನಮ್ಮ ಯಕ್ಷಗಾನವೇ ಹಿಂದೆ ಪರಿಹಾರ ಕಂಡುಕೊಂಡಿತ್ತು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯುತ್ತಿದ್ದ, ಮತ್ತೆ ಬಾಲಗೋಪಾಲನಾಗುತ್ತಿದ್ದ. ಪ್ರಸಂಗ ಇನ್ನೂ ಸುರುವಾಗಿರುವುದಿಲ್ಲ, ಜನ ಇನ್ನೂ ಬರುತ್ತಿರುತ್ತಾರೆ. ತಪ್ಪಿದರೂ ದೊಡ್ಡ ನಷ್ಟವಿಲ್ಲ. ಆದರೆ ಚೆಂಡೆ ಮದ್ದಳೆ ನಿಜವಾದದ್ದೇ, ರಂಗಸ್ಥಳವೂ ನಿಜವಾದದ್ದೇ. ಕಲಿಯುವವನಿಗೂ ರಂಗದಲ್ಲಿ ಒಂದು ಜಾಗ ಇರಬೇಕೆಂದು ನಮ್ಮ ಹಿರಿಯರು ಕಟ್ಟಿದ ವ್ಯವಸ್ಥೆ ಅದು. ನಿಮಿಷ ಲೆಕ್ಕದ ಸ್ಪರ್ಧೆಯಲ್ಲಿ ಪೂರ್ವರಂಗಕ್ಕೆ ಎಡೆ ಎಲ್ಲಿ? ಅದರೊಂದಿಗೆ ಕಲಿಯುವವನ ಜಾಗವೂ ಹೋಯಿತು. ಕಲೋತ್ಸವವನ್ನು ನಾನು ದೂರುವುದಿಲ್ಲ. ಅದರಿಂದ ಎಷ್ಟೋ ಮಕ್ಕಳಿಗೆ ವೇದಿಕೆ ಸಿಕ್ಕಿದೆ. ಸ್ಪರ್ಧೆಯನ್ನೇ ಶಿಕ್ಷಣವೆಂದು ತಿಳಿದ ತಪ್ಪು ನಮ್ಮದು.

ಹಾಗಾದರೆ ಕಲಿತ ಮಗುವಿನಲ್ಲಿ ಬೆಳೆಯುವುದೇನು? ದೊಡ್ಡ ಮಾತು ಬಿಟ್ಟು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಕಥಕಳಿಯ ನಟ ರಂಗದಲ್ಲಿ ಮಾತಾಡುವುದಿಲ್ಲ. ಅವನ ಮುದ್ರೆಗಳೇ ಮಾತು. 1930ರಲ್ಲಿ ವಳ್ಳತ್ತೋಳರು ಕಲಾಮಂಡಲವನ್ನು ಸ್ಥಾಪಿಸಿದ ಮೇಲೆ ಆ ವಿದ್ಯೆಗೆ ಭದ್ರವಾದ ನೆಲೆ ದೊರಕಿತು. ನಮ್ಮ ಯಕ್ಷಗಾನದಲ್ಲಿ ಪದ್ಯ ಮಾತ್ರ ಬರೆದದ್ದು. ಮಾತನ್ನು ಪಾತ್ರಧಾರಿಯೇ ಕಟ್ಟಬೇಕು. ಸ್ಪರ್ಧೆಗೆ ನಾವು ಮಾತನ್ನೂ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತೇವೆ, ಅದು ಬೇರೆ. ಒಮ್ಮೆ ಸ್ಪರ್ಧೆಯ ಗಡಿಬಿಡಿ ಮುಗಿದ ಮೇಲೆ, ಕೇವಲ ಅಭ್ಯಾಸಕ್ಕೆಂದು, ವಾಲಿವಧೆಯ ತಾಳಮದ್ದಳೆ ಮಾಡಿಸಿದೆ. ಮಲಯಾಳ ಡಿವಿಷನಿನ ಹುಡುಗನೊಬ್ಬ ತಾನೂ ಕೂರುತ್ತೇನೆಂದ. ಅವನ ಕನ್ನಡ ಹರುಕು ಮುರುಕು. ವಾಲಿಯ ಅರ್ಥ ಅವನಿಗೆ ಕೊಟ್ಟೆ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ಅವನು ತನಗೆ ಬಂದಷ್ಟೇ ಕನ್ನಡದಲ್ಲಿ ಕೇಳಿದಾಗ ರಾಮನಾಗಿ ಕುಳಿತ ಹುಡುಗ ತಬ್ಬಿಬ್ಬಾದ. ಮುಗಿದ ಮೇಲೆ ಆ ಹುಡುಗ ನನ್ನ ಬಳಿ ಬಂದು, ಇಬ್ಬರಲ್ಲಿ ಯಾರು ಸರಿ ಎಂದು ಮಲಯಾಳದಲ್ಲಿ ಕೇಳಿದ. "ನಾಳೆ ನೀನು ರಾಮನಾಗು, ಮತ್ತೆ ಹೇಳು" ಎಂದೆ. ಮರುದಿನ ರಾಮನಾಗಿ ಕುಳಿತ. ಅವನು ಕೊಟ್ಟ ಉತ್ತರ ಅವನಿಗೇ ಪೂರ್ತಿ ಒಪ್ಪಿಗೆಯಾಗಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ಹಿಂದಿನ ದಿನ ತಾನೇ ಕೇಳಿದ ಪ್ರಶ್ನೆಗೆ ಎದುರು ಮಗ್ಗುಲಿನಿಂದ ಉತ್ತರ ಹುಡುಕುವ ಶ್ರಮವನ್ನು ಅವನು ಪಟ್ಟಿದ್ದ.

ಇದಕ್ಕಿಂತ ದೊಡ್ಡ ನೀತಿಪಾಠ ನಮ್ಮ ಪಠ್ಯಪುಸ್ತಕದಲ್ಲಿ ಯಾವುದಿದೆ? ಒಪ್ಪದವನ ಬಾಯಿಯಿಂದ ಮಾತಾಡಿ ನೋಡುವುದು, ಅವನ ನೋವಿಗೆ ತನ್ನ ನಾಲಗೆಯನ್ನು ಸಾಲ ಕೊಡುವುದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಮೂರು ಭಾಷೆಗಳ ನಡುವೆ ಬಾಳುವ ನಮ್ಮ ಗಡಿನಾಡಿಗೆ ಈ ಪಾಠ ಬೇರೆಲ್ಲರಿಗಿಂತ ಹೆಚ್ಚು ಬೇಕು. ಇದನ್ನು ಕಲಿಯಲು ಕಂಠ ಬೇಕಿಲ್ಲ, ರೂಪ ಬೇಕಿಲ್ಲ, ಗಟ್ಟಿ ತಾಳವೂ ಬೇಕಿಲ್ಲ. ಕಲಿಯುವಲ್ಲಿ ಒಂದು ಚಾಪೆಯಷ್ಟು ಜಾಗ ಸಾಕು.

ಇನ್ನೊಂದು ಆಕ್ಷೇಪ ನಮ್ಮವರದೇ. ನಾವು ಸಂಖ್ಯೆಯಲ್ಲಿ ಕಡಿಮೆಯವರು. ಬಹುಮಾನ ಬಂದರೆ ತಾನೇ ಕನ್ನಡ ಇಲ್ಲಿದೆಯೆಂದು ನಾಲ್ಕು ಜನಕ್ಕೆ ತಿಳಿಯುವುದು? ನಾನೂ ಹಾಗೇ ನಂಬಿದ್ದೆ. ಈಗ ಲೆಕ್ಕ ಬೇರೆಯಾಗಿ ಕಾಣುತ್ತದೆ. ಆ ಹುಡುಗನಿಗೆ ಕನ್ನಡದ ಒಂದು ಚಂದದ ಮಾತನ್ನು ಬಾಯಿತುಂಬ ಆಡುವ ಸಂದರ್ಭ ಎಲ್ಲಿತ್ತು? ಮನೆಯಲ್ಲಿ ಇರಲಿಲ್ಲ, ಅಂಗಡಿಯಲ್ಲಿ ಇರಲಿಲ್ಲ. ಇದ್ದ ಒಂದು ಕಡೆಯಿಂದ ನಾನು ಅವನನ್ನು ಕಳಿಸಿದೆ. ಕಪಾಟಿನಲ್ಲಿ ಒಂದು ಫಲಕ ಹೆಚ್ಚಿತು, ಅಂಗಳದಲ್ಲಿ ಕನ್ನಡ ಆಡುವವನೊಬ್ಬ ಕಡಿಮೆಯಾದ. ಭಾಷೆ ಉಳಿಯುವುದು ಗೆದ್ದವರಿಂದಲ್ಲ, ಬಿಟ್ಟುಹೋಗದವರಿಂದ.

ಅಂದಿನ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿದವನು ಕೆಲವು ವರ್ಷಗಳ ಮೇಲೆ ಬಸ್ಸಿನಲ್ಲಿ ಸಿಕ್ಕಿದ. ಈಗಲೂ ವೇಷ ಮಾಡುತ್ತೀಯಾ ಎಂದು ಕೇಳಿದೆ. "ಇಲ್ಲ ಸರ್, ಮಾರ್ಕು ಸಿಕ್ಕಿತಲ್ಲ" ಎಂದು ನಕ್ಕ. ಅವನನ್ನು ದೂರಲಾರೆ. ಅವನಿಗೆ ಅದಷ್ಟನ್ನೇ ಕಲಿಸಿದವನು ನಾನು.

ಈಗ ಭಾನುವಾರಗಳಂದು ನಮ್ಮೂರ ವಾಚನಾಲಯದ ಚಾವಡಿಯಲ್ಲಿ ಕೆಲವು ಮಕ್ಕಳಿಗೆ ಹೆಜ್ಜೆಯೂ ಅರ್ಥಗಾರಿಕೆಯೂ ನಡೆಯುತ್ತದೆ. ಆಯ್ಕೆ ಇಲ್ಲ, ಸ್ಪರ್ಧೆ ಇಲ್ಲ. ಕನ್ನಡದವರೂ ಬರುತ್ತಾರೆ, ಮಲಯಾಳದವರೂ ಬರುತ್ತಾರೆ. ಒಬ್ಬಳು ಹುಡುಗಿಗೆ ಮೂರು ತಿಂಗಳಾದರೂ ಝಂಪೆತಾಳ ಹಿಡಿಯಲು ಬಂದಿಲ್ಲ. ಬರುವುದೋ ಇಲ್ಲವೋ, ಗೊತ್ತಿಲ್ಲ. ಒಂದು ದಿನವೂ ತಪ್ಪಿಸದೆ ಬರುತ್ತಾಳೆ. ಬೇಸರವಾಗುವುದಿಲ್ಲವೇ ಎಂದು ಕೇಳಿದೆ. "ಇಲ್ಲಿ ನಾನು ತಪ್ಪಿದರೆ ಎಲ್ಲರೂ ಒಟ್ಟಿಗೆ ಪುನಃ ಸುರುಮಾಡುತ್ತಾರಲ್ಲ ಮಾಷ್ಟ್ರೇ" ಎಂದಳು.

ಆ ತಂದೆ ಈಗ ಇಲ್ಲ. ಇದ್ದಿದ್ದರೆ ಅವರ ಮನೆಗೆ ಹೋಗಿ, ಆಗುತ್ತದೆ, ಕಲಿಯುವಲ್ಲಿ ಇರಲಿ ಎಂದು ಹೇಳುತ್ತಿದ್ದೆ. ಅವರಿಗೆ ಹೇಳಲಾಗದ್ದನ್ನು ಈ ಪುಟಗಳನ್ನು ಓದುವ ಹೆತ್ತವರಿಗೆ ಹೇಳುತ್ತಿದ್ದೇನೆ. ಮಗು ಕಲಿತು ಮನೆಗೆ ಬಂದಾಗ ಬಹುಮಾನ ಬಂತೇ ಎಂದು ಕೇಳಬೇಡಿ. ಇವತ್ತು ಯಾರ ಪಾತ್ರ ಮಾಡಿದೆ, ಅವನು ಏನು ಹೇಳಿದ ಎಂದು ಕೇಳಿ. ಹೇಳಲು ಅದಕ್ಕೆ ಬಹಳ ಇರುತ್ತದೆ.