ಪಾಲು ಹಂಚುವಾಗ ಮುಚ್ಚಿಡಬಾರದ್ದು



ಅಣ್ಣತಮ್ಮಂದಿರ ಹೊಲ, ಪಾಲುದಾರರ ಅಂಗಡಿ, ಇವುಗಳ ಹಂಚಿಕೆಯ ತಕರಾರು ಮಠಕ್ಕೆ ಬರುವುದು ಹೊಸದಲ್ಲ. ಆದರೆ ರತ್ನಗಿರಿ ಕಡೆಯ ಇಬ್ಬರು ಭಕ್ತರು ತಂದ ತಕರಾರು ನಮ್ಮನ್ನು ಬಹಳ ದಿನ ಯೋಚನೆಗೆ ಹಚ್ಚಿತು.

ಇಬ್ಬರೂ ಕೂಡಿ ಕಡಲೆಕಾಯಿ ವ್ಯಾಪಾರ ಮಾಡುವವರು. ಕೆಲವು ವರ್ಷಗಳ ಹಿಂದೆ ಹಳೆಯ ಮನೆತನವೊಂದರಿಂದ ಬ್ರಿಟಿಷರ ಕಾಲದ ೬೦ ಬೆಳ್ಳಿ ರೂಪಾಯಿಗಳನ್ನು ಕೊಂಡರು. ಒಬ್ಬರು ೩೦,೦೦೦, ಇನ್ನೊಬ್ಬರು ೨೦,೦೦೦ ಹಾಕಿದರು. ಲಾಭ ನಷ್ಟ ಎರಡೂ ಅದೇ ಲೆಕ್ಕದಲ್ಲಿ ಎಂದು ಮಾತಾಗಿತ್ತು. ಹಂಚುವ ದಿನ ಒಬ್ಬರಿಗೆ ೩೬, ಇನ್ನೊಬ್ಬರಿಗೆ ೨೪ ಎಂದು ಎಣಿಸಿದರು. ಎಲ್ಲವೂ ತೊಲ ತೂಕದ ನಾಣ್ಯಗಳೇ. ಕಡಿಮೆ ಪಾಲಿನವರು, 'ನನ್ನ ೨೪ ನಾನೇ ಆರಿಸಿಕೊಳ್ಳುತ್ತೇನೆ' ಎಂದರು. ಜೊತೆಗಾರರು ಒಪ್ಪಿದರು.

ಆ ೨೪ರಲ್ಲಿ ೧೯೧೧ರ ಐದನೆಯ ಜಾರ್ಜ್ ರೂಪಾಯಿ ಒಂದಿತ್ತು. ರಾಜನ ಉಡುಪಿನ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ ಸರ್ಕಾರ ಅದನ್ನು ಹಿಂದಕ್ಕೆ ಪಡೆದು, ೧೯೧೨ರಲ್ಲಿ ತಿದ್ದಿದ ಅಚ್ಚಿನ ನಾಣ್ಯ ತಂದಿತು. ಉಳಿದವು ಕಡಿಮೆಯಾದ್ದರಿಂದ ಅದಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಬೆಲೆ. ಆರಿಸಿದವರಿಗೆ ಇದು ಗೊತ್ತಿತ್ತು, ಜೊತೆಗಾರರಿಗೆ ಗೊತ್ತಿರಲಿಲ್ಲ.

ವಿಷಯ ಹೊರಬಿದ್ದಾಗ ಅವರು ಹೇಳಿದ್ದು ಇಷ್ಟು: "ನಾನು ಕದ್ದಿಲ್ಲ, ಸುಳ್ಳಾಡಿಲ್ಲ. ನಾಣ್ಯದ ಗುರುತು ಕಷ್ಟಪಟ್ಟು ಕಲಿತದ್ದು. ಅದು ನನ್ನ ಕಾಯಕದ ಫಲವಲ್ಲವೇ?"

ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಸಂತೆಯಲ್ಲಿ ಎತ್ತಿನ ಸುಳಿ ಬಲ್ಲವನು ಒಳ್ಳೆಯ ಎತ್ತು ಹಿಡಿದರೆ ನಾವು ಅವನನ್ನು ಕಳ್ಳನೆನ್ನುವುದಿಲ್ಲ. ಆದರೆ ಪಾಲುದಾರನು ಸಂತೆಯ ಪರಕೀಯನಲ್ಲ. ಆ ೬೦ರಲ್ಲಿ ಹತ್ತು ಖೋಟಾ ಆಗಿದ್ದರೆ ನಷ್ಟ ಇಬ್ಬರ ತಲೆಗೂ ಬರುತ್ತಿತ್ತು. ನಷ್ಟಕ್ಕೆ ಜೊತೆಗಾರನನ್ನು ಕರೆದುಕೊಂಡವನು ಲಾಭದ ಹೊತ್ತಿಗೆ ಒಂಟಿಯಾಗಬಾರದು. ತಿಳಿವಳಿಕೆಗೆ ಕೂಲಿ ಬೇಕಿದ್ದರೆ ಮೊದಲೇ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಅದು ಕಾಯಕ, ಮುಚ್ಚಿಟ್ಟರೆ ಅದು ವಂಚನೆ.

೧೯೩೨ರ ಪಾಲುದಾರಿಕೆ ಕಾಯಿದೆಯ ೯ನೆಯ ಕಲಮೂ ಪಾಲುದಾರರು ಪರಸ್ಪರ ನ್ಯಾಯವಾಗಿ, ನಿಷ್ಠೆಯಿಂದ ನಡೆದುಕೊಂಡು, ವ್ಯವಹಾರದ ಪೂರ್ಣ ಮಾಹಿತಿ ಕೊಡಬೇಕೆನ್ನುತ್ತದೆ. ನಮ್ಮ ಶರಣರು ಇದನ್ನು ಎಂಟು ನೂರು ವರ್ಷಗಳ ಹಿಂದೆಯೇ ಬಾಳಿ ತೋರಿಸಿದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಹೇಳಿದ ಕಥೆ ನಿಮಗೆಲ್ಲ ಗೊತ್ತು. ಅದು ನೆಲಕ್ಕೆ ಬಿದ್ದ ಅಕ್ಕಿ, ಯಾರೂ ಕೇಳುತ್ತಿರಲಿಲ್ಲ. ಕೇಳುವವರಿಲ್ಲದಾಗಲೂ ತಮ್ಮದಲ್ಲದ್ದನ್ನು ಆ ತಾಯಿ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಹಾಗಾದರೆ ಹಂಚುವುದು ಹೇಗೆ? ನಾವು ಸೂಚಿಸಿದ್ದು ಹೀಗೆ. ಮೊದಲು ಪ್ರತಿ ನಾಣ್ಯದ ವರ್ಷ, ಸ್ಥಿತಿ ಬರೆದು, ಇಬ್ಬರಿಗೂ ಸಂಬಂಧವಿಲ್ಲದ ಬಲ್ಲವರಿಂದ ಬೆಲೆ ಕಟ್ಟಿಸಬೇಕು. ಸಾಮಾನ್ಯ ನಾಣ್ಯಗಳನ್ನು ಸಮಬೆಲೆಯ ಐದು ಗುಂಪು ಮಾಡಿ, ಚೀಟಿ ಎತ್ತಿ, ಮೂರು ಒಬ್ಬರಿಗೆ, ಎರಡು ಇನ್ನೊಬ್ಬರಿಗೆ ಕೊಡಬೇಕು. ವಿರಳ ನಾಣ್ಯವನ್ನು ಒಡೆದು ಹಂಚಲಾಗದು. ಹಿತ್ತಲ ಹುಣಸೆಮರವನ್ನೂ ನಾವು ಸೀಳಿ ಹಂಚುವುದಿಲ್ಲವಲ್ಲ. ಅದಕ್ಕೆ ಇಬ್ಬರೂ ಚೀಟಿಯಲ್ಲಿ ಬೆಲೆ ಬರೆಯಲಿ. ಹೆಚ್ಚು ಬರೆದವರು ನಾಣ್ಯ ಇಟ್ಟುಕೊಂಡು, ಜೊತೆಗಾರರ ಪಾಲಿನ ಹಣ ಕೊಡಲಿ.

ಹಾಗೆಯೇ ನಡೆಯಿತು. ಕಡಿಮೆ ಪಾಲಿನವರೇ ಹೆಚ್ಚು ಬರೆದರು: ೧೫,೦೦೦. ಅದರಲ್ಲಿ ಐದನೆಯ ಮೂರು ಪಾಲು, ಅಂದರೆ ೯,೦೦೦ ರೂಪಾಯಿ, ಜೊತೆಗಾರರಿಗೆ ಎಣಿಸಿಕೊಟ್ಟರು. ಅವರಿಬ್ಬರ ಅಂಗಡಿ ಈಗಲೂ ಒಂದೇ ಇದೆ. ಆದರೆ ಮೊದಲು ಕಣ್ಣುಮುಚ್ಚಿ ನಂಬುತ್ತಿದ್ದವರು ಈಗ ಲೆಕ್ಕದ ಪುಸ್ತಕವನ್ನು ಎರಡು ಸಲ ನೋಡುತ್ತಾರೆ. ಆ ನಷ್ಟಕ್ಕೆ ಬೆಲೆ ಕಟ್ಟುವುದು ನಮ್ಮಿಂದಾಗಲಿಲ್ಲ.

ಇದು ಹಣ ಕೊಟ್ಟು ಕೊಂಡ ನಾಣ್ಯದ ಮಾತು. ಹೊಲ ಉಳುವಾಗ, ಪಾಯ ತೋಡುವಾಗ ಹೂತಿಟ್ಟ ನಾಣ್ಯ ಸಿಕ್ಕರೆ ತಾವೇ ಹಂಚಿಕೊಳ್ಳುವಂತಿಲ್ಲ. ೧೮೭೮ರ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಬೇಕು. ಭಕ್ತಾದಿಗಳು ಗಮನಿಸಬೇಕಾಗಿ ವಿನಂತಿ.