ಕರಿಹಲಗೆಯ ಮೇಲೆ ಬುದ್ಧರ ಹೆಸರು



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಪಂಚಶೀಲದಲ್ಲಿ ಯಾವುದಾದರೂ ಒಂದನ್ನು ಕುರಿತು ಬರೆಯಿರಿ ಎಂದಿದ್ದರು. ನಾಲ್ಕನೆಯದನ್ನು ತೆಗೆದುಕೊಂಡಿದ್ದೇನೆ, ಏಕೆಂದರೆ ಅದನ್ನು ನಾನು ಮುರಿದಿದ್ದೇನೆ. ಅದೂ ಬುದ್ಧರ ಹೆಸರಿನಲ್ಲಿ, ಒಂದು ಮಗುವಿನ ಎದುರಿಗೆ.

ಸರ್ಕಾರಿ ಶಾಲೆಯ ಬೆಳಗು ನಿಮಗೆಲ್ಲ ಗೊತ್ತು. ನಾಡಗೀತೆ, 2023ರಿಂದ ಈಚೆಗೆ ಸಂವಿಧಾನ ಪೀಠಿಕೆಯ ಓದು, ಪತ್ರಿಕೆಯ ಮುಖ್ಯ ಸುದ್ದಿ, ಆಮೇಲೆ ನುಡಿಮುತ್ತು. ನುಡಿಮುತ್ತನ್ನು ಹಲಗೆಯ ಮೇಲೆ ಬರೆಸುವುದು ಕನ್ನಡ ಟೀಚರ್ ಕೆಲಸ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ, ದಿನಕ್ಕೊಂದು ಮಾತು ಎಲ್ಲಿಂದ ತರುವುದು? ಮೊದಲು ಸುಭಾಷಿತದ ಪುಸ್ತಕವಿತ್ತು, ಕ್ಯಾಲೆಂಡರ್ ಹಾಳೆಯಿತ್ತು. ಈಗ ಮೊಬೈಲ್. ನಾನು ಕೆಲಸಕ್ಕೆ ಸೇರಿದಾಗ ಆ ಹಲಗೆಯ ಮೇಲೆ ಬಾಬಾಸಾಹೇಬರು ಏಪ್ರಿಲ್ 14ಕ್ಕೆ ಬರುತ್ತಿದ್ದರು, ಬುದ್ಧರು ಹುಣ್ಣಿಮೆಗೆ. ಉಳಿದ ದಿನ ಬೇರೆಯವರು. ಆ ಹಲಗೆ ನನ್ನ ಕೈಗೆ ಬಂದಾಗ ನನಗೆ ಆದ ಖುಷಿಯನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ವಾರಕ್ಕೆ ಎರಡು ದಿನವಾದರೂ ನಮ್ಮವರ ಹೆಸರು ಇರಲೇಬೇಕು ಎಂದು ಹಟ ಹಿಡಿದೆ. ಆ ಹಟದಲ್ಲೇ ತಪ್ಪಿಗೂ ಜಾಗ ಸಿಕ್ಕಿತು.

ಸಿಟ್ಟನ್ನು ವಿಷ ಕುಡಿಯುವುದಕ್ಕೆ ಹೋಲಿಸುವ ಒಂದು ಮಾತಿದೆ. ನಿಮ್ಮ ಫೋನಿಗೂ ಬಂದಿರುತ್ತದೆ, ಹಿಂದೆ ಕಮಲ, ಮುಂದೆ ಧ್ಯಾನದ ಬುದ್ಧ. ದಸರಾ ರಜೆಯ ಹಿಂದಿನ ವಾರ ಅದನ್ನು ಬರೆಸಿ ಕೆಳಗೆ 'ಗೌತಮ ಬುದ್ಧ' ಎಂದು ಹಾಕಿಸಿದೆ. ಏಳನೇ ತರಗತಿಯ ಒಬ್ಬ ಹುಡುಗಿ ಪಾಠದ ನಡುವೆ ಎದ್ದು, "ಮಿಸ್, ಇದನ್ನ ಬುದ್ಧರು ಎಲ್ಲಿ ಹೇಳಿದಾರೆ?" ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಎರಡು ಸೆಕೆಂಡು ಸಾಕಿತ್ತು. ನಾನು, "ಧಮ್ಮಪದದಲ್ಲಿ ಕಣಮ್ಮಾ, ಕೂತ್ಕೋ" ಎಂದೆ.

ರಜೆ ಮುಗಿಯಿತು. ಮೊದಲ ದಿನವೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಅವರ ತಾತನ ಹತ್ತಿರ ಧಮ್ಮಪದದ ಕನ್ನಡ ಪುಸ್ತಕ ಇದೆಯಂತೆ. ರಜೆಯಲ್ಲಿ ಇಪ್ಪತ್ತಾರು ವಗ್ಗಗಳನ್ನೂ ಓದಿದ್ದಾಳೆ, 423 ಗಾಥೆ. "ಕೋಧವಗ್ಗದಲ್ಲಿ ಸಿಟ್ಟಿನದು ಇದೆ ಮಿಸ್. ಓಡೋ ರಥಾನ ಹಿಡಿದು ನಿಲ್ಲಿಸೋ ಸಾರಥಿ ಥರ ಅಂತ ಇದೆ. ವಿಷದ್ದು ಸಿಗ್ಲಿಲ್ಲ. ಎರಡು ಸಲ ನೋಡ್ದೆ. ನಾನೇ ಸರಿಯಾಗಿ ನೋಡಿಲ್ಲ ಅನ್ಸುತ್ತೆ."

ಬಂಧುಗಳೇ, ನಾಚಿಕೆ ಎಂದರೆ ಏನೆಂದು ನನಗೆ ಆಗ ತಿಳಿಯಬೇಕಿತ್ತು. ಆದರೆ ಆಗಲೂ ನಾನು, "ಇರಬಹುದು, ಇನ್ನೊಂದ್ಸಲ ನೋಡು" ಎಂದೆ. ಮೊದಲನೆಯ ಸುಳ್ಳು ಬಾಯಿತಪ್ಪಿ ಬಂದದ್ದು ಎನ್ನಬಹುದು. ಎರಡನೆಯದಕ್ಕೆ ಅಂಥ ನೆಪವಿಲ್ಲ. ನನ್ನ ಸುಳ್ಳಿನ ಭಾರವನ್ನು ಅವಳ ಕಣ್ಣಿನ ಮೇಲೆ, ಅವಳ ಓದಿನ ಮೇಲೆ ಹೊರಿಸಿ ಕಳಿಸಿದೆ. ನಮ್ಮ ಅಜ್ಜ ಅಪ್ಪಂದಿರಿಗೂ ಹೀಗೇ ತಾನೆ ಆಗಿದ್ದು? ಗ್ರಂಥದಲ್ಲಿದೆ, ನಿನಗೆ ಕಾಣುವುದಿಲ್ಲ ಅಷ್ಟೆ, ಎಂದು ಹೇಳಿ ಹೇಳಿಯೇ ಅವರನ್ನು ಕೂರಿಸಿದ್ದು.

ಮುಖ್ಯೋಪಾಧ್ಯಾಯರಿಗೆ ಹೇಳಿದಾಗ ಅವರು ನಕ್ಕರು. "ಬಿಡಿ ಮೇಡಂ, ಒಳ್ಳೆ ಮಾತು ತಾನೆ? ಯಾರು ಹೇಳಿದ್ರೆ ಏನು?" ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮಾತು ನಿಜವಾಗಿಯೂ ಒಳ್ಳೆಯದೇ. ಕೇಸಪುತ್ತದ ಕಾಲಾಮರಿಗೆ ಬುದ್ಧರು ತಿಳಿಸಿದ್ದೂ ಅದಕ್ಕೆ ಹತ್ತಿರದ್ದೇ ಅಲ್ಲವೇ? ಪರಂಪರೆಯಿಂದ ಬಂತು, ಗ್ರಂಥದಲ್ಲಿದೆ, ಹೇಳಿದವರು ನಮ್ಮ ಗುರು, ಇಷ್ಟಕ್ಕೇ ಒಪ್ಪಬೇಡಿ. ಅದು ಲೋಭ, ದ್ವೇಷ, ಮೋಹವನ್ನು ಬೆಳೆಸುತ್ತದೋ ಕಳೆಯುತ್ತದೋ ನೀವೇ ನೋಡಿ, ಎಂಬುದು ಅದರ ತಾತ್ಪರ್ಯ. ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲ.

ಎರಡು ರಾತ್ರಿ ಇದನ್ನೇ ಯೋಚಿಸಿದೆ. ಹೆಸರಿಗೆ ಬೆಲೆ ಇಲ್ಲದಿದ್ದರೆ ನಾನು ಹೆಸರು ಹಾಕಿಸಿದ್ದೇಕೆ? ಬರೀ ಮಾತು ಸಾಕಿತ್ತಲ್ಲ. ಹಾಕಿಸಿದ್ದು, ಆ ಹೆಸರು ಕಂಡರೆ ಮಕ್ಕಳು ಪ್ರಶ್ನೆ ಕೇಳದೆ ಒಪ್ಪುತ್ತಾರೆ ಎಂದು. ಅಂದರೆ ಪರೀಕ್ಷಿಸಿ ಎಂದವರ ಹೆಸರನ್ನು ಪರೀಕ್ಷೆ ತಪ್ಪಿಸಲು ಬಳಸಿದೆ. ಒಳ್ಳೆಯ ಮಾತು ಒಳ್ಳೆಯದಾಗಿಯೇ ಉಳಿಯುತ್ತದೆ, ಒಪ್ಪಿದೆ. ಅದರ ಕೆಳಗಿನ ಹೆಸರು ಮಾತ್ರ ಬೇರೆಯೇ ಒಂದು ಹೇಳಿಕೆ. ಅದು ನಿಜವೋ ಸುಳ್ಳೋ ಎಂಬುದನ್ನು ಪ್ರತ್ಯೇಕವಾಗಿಯೇ ಕೇಳಬೇಕು.

ಬಾಬಾಸಾಹೇಬರನ್ನು ನೆನೆದರೆ ಇನ್ನೂ ಕಸಿವಿಸಿಯಾಗುತ್ತದೆ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅವರನ್ನು ಅಧ್ಯಕ್ಷರಾಗಿ ಕರೆದು, ಭಾಷಣದ ಕೆಲವು ಭಾಗ ಬದಲಿಸಿ ಎಂದರು. ಅವರು ಬದಲಿಸಲಿಲ್ಲ. ಸಮ್ಮೇಳನವೇ ರದ್ದಾಯಿತು. ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು, ಅದೇ 'ಜಾತಿ ವಿನಾಶ'. ಮರುವರ್ಷದ ಎರಡನೆಯ ಆವೃತ್ತಿಯಲ್ಲಿ ಗಾಂಧೀಜಿ ಬರೆದ ಟೀಕೆಯನ್ನೂ ಸೇರಿಸಿ, ಅದರ ಜೊತೆಗೆ ತಮ್ಮ ಉತ್ತರ ಕೊಟ್ಟರು. ಎದುರಾಳಿಯ ಮಾತನ್ನೂ ಅವನದೇ ಪದಗಳಲ್ಲಿ ಓದುಗರ ಮುಂದಿಟ್ಟ ಮನುಷ್ಯನ ಫೋಟೋ ಪಕ್ಕದಲ್ಲಿ ನಾವು ಸಿಕ್ಕಿದ್ದೆಲ್ಲ ಅಂಟಿಸಿ ಫಾರ್ವರ್ಡ್ ಮಾಡುತ್ತೇವೆ. (ನಮ್ಮ ಈ ಗುಂಪಿನಲ್ಲೂ. ಯಾರೂ ಬೇಸರ ಮಾಡಿಕೊಳ್ಳಬೇಡಿ, ಅದರಲ್ಲಿ ನನ್ನ ಪಾಲೇ ದೊಡ್ಡದು.)

ಆ ವಾರ ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತವನ್ನು ಮತ್ತೆ ಓದಿದೆ. ಭಗವಾನರು ಮಗ ರಾಹುಲನಿಗೆ ಸುಳ್ಳಿನ ಬಗ್ಗೆ ಕಲಿಸಿದ್ದು. ಆಗ ಅವನಿಗೆ ಏಳು ವರ್ಷ ಎನ್ನುತ್ತದೆ ಅಟ್ಠಕಥೆ, ನಮ್ಮಲ್ಲಾದರೆ ಎರಡನೇ ತರಗತಿ. ಅಲ್ಲಿ ಗೋಡೆಯ ಮೇಲೆ ಬರೆಯುವ ನುಡಿ ಇಲ್ಲ. ಕಾಲು ತೊಳೆದ ಪಾತ್ರೆ ಇದೆ, ತಳದಲ್ಲಿ ಸ್ವಲ್ಪ ನೀರು. ಅದನ್ನು ತೋರಿಸುತ್ತಾರೆ, ಚೆಲ್ಲುತ್ತಾರೆ, ಪಾತ್ರೆಯನ್ನು ಬೋರಲು ಹಾಕುತ್ತಾರೆ. ತಿಳಿದೂ ಸುಳ್ಳಾಡಿ ನಾಚದವನ ಸಮಣತನ ಇಷ್ಟೇ ಎಂದು ಮಗುವಿನ ಕಣ್ಣಿಗೇ ಕಾಣಿಸುತ್ತಾರೆ. ಆಮೇಲೆ ಕನ್ನಡಿಯ ಮಾತು. ಮಾಡುವ ಮೊದಲು ನೋಡಿಕೋ, ಮಾಡುವಾಗ ನೋಡಿಕೋ, ಮಾಡಿದ ಮೇಲೂ ನೋಡಿಕೋ. ತಪ್ಪಾಗಿದ್ದರೆ ಗುರುವಿನ ಎದುರು, ಬಲ್ಲವರ ಎದುರು ತೆರೆದು ಹೇಳು. ಅಶೋಕ ಮಹಾರಾಜ ಬೈರಾಟದ ಶಾಸನದಲ್ಲಿ ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಪಟ್ಟಿ ಮಾಡಿದ ಏಳು ಉಪದೇಶಗಳಲ್ಲಿ ರಾಹುಲನಿಗೆ ಸುಳ್ಳಿನ ಕುರಿತು ಹೇಳಿದ್ದೂ ಒಂದು. ನಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿ ಬಂಡೆಯ ಮೇಲೂ ಸತ್ಯ ನುಡಿಯಬೇಕು ಎಂಬ ಆಜ್ಞೆ ಇದೆ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಎಂದು. ಹೇಳಿದವರು ಯಾರು, ಬರೆದವರು ಯಾರು, ಎರಡೂ ಅಲ್ಲಿ ಸ್ಪಷ್ಟ.

ತೆರೆದು ಹೇಳಲು ನನಗಿದ್ದ ಭಯ ಒಂದೇ. ಶಾಲೆಯಲ್ಲಿ ಬೌದ್ಧಳೆಂದು ಹೇಳಿಕೊಂಡವಳು ನಾನೊಬ್ಬಳೇ. ಬುದ್ಧರ ಹೆಸರಿನಲ್ಲಿ ಬರೆದದ್ದು ತಪ್ಪು ಎಂದು ನಾನೇ ಹೇಳಿದರೆ ನಗಲು ಕಾದಿರುವವರು ಇದ್ದಾರೆ. ಹಾಗೇ ಆಯಿತು ಕೂಡ. ಸೋಮವಾರ ಪ್ರಾರ್ಥನೆಯಲ್ಲಿ ಮಕ್ಕಳ ಮುಂದೆ, "ಆ ಮಾತು ಧಮ್ಮಪದದಲ್ಲಿ ಇಲ್ಲ. ನನಗೆ ಗೊತ್ತಿಲ್ಲದೆ ಗೊತ್ತಿದೆ ಅಂತ ಹೇಳ್ದೆ. ಹುಡುಕಿದವಳು ಸರಿಯಾಗೇ ಹುಡುಕಿದಾಳೆ" ಎಂದೆ. ಮಧ್ಯಾಹ್ನ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು, "ನಿಮ್ಮ ಬುದ್ಧಂದೂ ಡೂಪ್ಲಿಕೇಟ್ ಬರುತ್ತಾ?" ಎಂದರು. ಉರಿಯಿತು. ಓಡುವ ರಥ ನೆನಪಾಯಿತು, ನಿಲ್ಲಿಸಲು ಪೂರ್ತಿ ಆಗಲಿಲ್ಲ, ತಟ್ಟೆ ತೊಳೆಯಲು ಎದ್ದುಹೋದೆ.

ಆ ಹುಡುಗಿ ಏನೂ ಹೇಳಲಿಲ್ಲ. ಮರುದಿನ ಒಂದು ನೋಟ್‌ಬುಕ್ ತಂದಳು, ಗೆರೆ ಎಳೆದು ಮೂರು ಕಾಲಂ: ಮಾತು, ಯಾರದು, ಎಲ್ಲಿದೆ. ಈಗ ಹಲಗೆಗೆ ಹೋಗುವ ಮೊದಲು ಎಲ್ಲವೂ ಅದರಲ್ಲಿ ಬರೆಯಬೇಕು. ಕಳೆದ ವಾರ ಬಾಬಾಸಾಹೇಬರ ಹೆಸರಿನದೊಂದು ನನಗೆ ತುಂಬ ಇಷ್ಟವಾದ ಮಾತು ಕೊಟ್ಟೆ. ಮೂರನೆಯ ಕಾಲಂ ಇನ್ನೂ ಖಾಲಿ ಇದೆ. ಸಂಪುಟಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದೇನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಕನ್ನಡದ ಹಳೆಯ ಸಂಪುಟಗಳಿದ್ದರೆ ದಯವಿಟ್ಟು ತಿಳಿಸಿ, ಭಾನುವಾರ ಬಂದು ನೋಡಿಕೊಂಡು ಹೋಗುತ್ತೇನೆ.

ಜೈ ಭೀಮ್.